ಮೂರು ಬಾಡಿಗೆ ಮನೆಗಳು ಮತ್ತು ಒಂದು ನಿರ್ವಹಣಾ ಸೇವೆ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಮೂವತ್ತು–ನಲವತ್ತರ ಸೈಟಿನ ಮೇಲೆ ಕಟ್ಟಿಸಿದ ಮೂರು ಮನೆಗಳ ಬಾಡಿಗೆಯೇ ನಿವೃತ್ತಿಯ ನಂತರ ನಮ್ಮ ಮುಖ್ಯ ಆದಾಯ. ಮೈಸೂರಿಗೆ ಬಂದು ನೆಲೆಸಿದ ಮೇಲೆ, ಅಲ್ಲಿ ನಲ್ಲಿ ಸೋರಿದರೂ, ಮನೆ ಖಾಲಿಯಾದರೂ ಓಡಾಡುವುದು ಕಷ್ಟವಾದ ಕಾರಣ, ಮನೆ ನಿರ್ವಹಣೆಯನ್ನೇ ಉದ್ಯೋಗವಾಗಿಸಿಕೊಂಡ ಖಾಸಗಿ ಸಂಸ್ಥೆಯೊಂದಕ್ಕೆ ಹೊಣೆ ಒಪ್ಪಿಸಿದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಪಡೆಯಬೇಕೆಂದು ಯೋಚಿಸುತ್ತಿರುವ, ಒಂದೆರಡು ಮನೆಗಳಷ್ಟೇ ಇರುವ ಮಾಲೀಕರಿಗೆ ಈ ವಿಮರ್ಶೆ ಉಪಯೋಗವಾಗಬಹುದು.

ಮೊದಲು ಶುಲ್ಕದ ಲೆಕ್ಕ. ಎರಡು ದೊಡ್ಡ ಮನೆಗಳಿಗೆ ತಲಾ 18,000 ರೂಪಾಯಿ, ಮೇಲಿನ ಚಿಕ್ಕ ಮನೆಗೆ 11,000, ಒಟ್ಟು ತಿಂಗಳಿಗೆ 47,000 ರೂಪಾಯಿ ಬಾಡಿಗೆ ಬರುತ್ತದೆ. ಸಂಸ್ಥೆಯ ಶುಲ್ಕ ಅದರ ಶೇ. 8, ಅಂದರೆ 3,760 ರೂಪಾಯಿ. ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ. ವರ್ಷಕ್ಕೆ ಲೆಕ್ಕ ಹಾಕಿದರೆ ಐವತ್ಮೂರು ಸಾವಿರ ರೂಪಾಯಿ ದಾಟುತ್ತದೆ, ಅಂದರೆ ದೊಡ್ಡ ಮನೆಯೊಂದರ ಸುಮಾರು ಮೂರು ತಿಂಗಳ ಬಾಡಿಗೆ. ಹೊಸ ಬಾಡಿಗೆದಾರರನ್ನು ತಂದಾಗ ಕೊಡಬೇಕಾದ ಹಣ ಇದರಲ್ಲಿ ಸೇರಿಲ್ಲ. ಇನ್ನೊಂದು ಸಂಗತಿಯನ್ನು ಸಂಸ್ಥೆಯವರು ತಾವಾಗಿ ಹೇಳುವುದಿಲ್ಲ: ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯದಿಂದ, ಕಟ್ಟಿದ ಮನೆ ಕಂದಾಯವನ್ನು ಕಳೆದ ಮೇಲೆ, ಖರ್ಚು ಎಷ್ಟೇ ಆಗಿರಲಿ ಶೇ. 30ರಷ್ಟು ವಿನಾಯಿತಿ ಸಿಗುತ್ತದೆ. ನಿರ್ವಹಣಾ ಶುಲ್ಕವನ್ನು ಬೇರೆಯಾಗಿ ಕಳೆಯಲು ಅವಕಾಶವಿಲ್ಲ. ಆದ್ದರಿಂದ ಈ ಹಣ ಪೂರ್ತಿ ನಮ್ಮ ಕೈಯಿಂದಲೇ ಹೋಗುತ್ತದೆ.

ಮೆಚ್ಚಲೇಬೇಕಾದ ಕೆಲಸವೆಂದರೆ ಮನೆ ಒಪ್ಪಿಸುವ ಮತ್ತು ಬಿಡಿಸಿಕೊಳ್ಳುವ ಸಮಯದ ದಾಖಲೆ. ಬೆಂಗಳೂರಿನಲ್ಲಿ ಮಾಲೀಕ–ಬಾಡಿಗೆದಾರರ ಜಗಳದಲ್ಲಿ ದೊಡ್ಡ ಪಾಲು ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಹುಟ್ಟುತ್ತದೆ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಹೆಸರಿನಲ್ಲಿ ಮುರಿದುಕೊಳ್ಳುವುದು ಇಲ್ಲಿಯ ರೂಢಿಯಾದರೂ, ಅದರಾಚೆಗೆ ಯಾವ ಹಾನಿ ಯಾರದೆಂಬುದಕ್ಕೆ ಇಬ್ಬರ ನೆನಪೂ ಬೇರೆ ಬೇರೆಯಾಗಿರುತ್ತದೆ. ಈ ಸಂಸ್ಥೆಯವರು ಬಾಡಿಗೆದಾರರು ಬರುವ ದಿನವೇ ಪ್ರತಿ ಕೋಣೆಯ ಗೋಡೆ, ಸಿಂಕು, ಕಿಟಕಿಯ ಚಿಲಕ, ಸ್ವಿಚ್ ಬೋರ್ಡುಗಳ ಫೋಟೋ ತೆಗೆದು, ದಿನಾಂಕ ಹಾಕಿ ಇಬ್ಬರಿಗೂ ಕಳಿಸುತ್ತಾರೆ. ಮೊದಲ ಮಹಡಿಯವರು ಖಾಲಿ ಮಾಡಿದಾಗ ಅಡುಗೆಮನೆಯ ಕಡಪಾ ಕಲ್ಲಿನ ಅಂಚು ಒಡೆದಿರುವುದು ಹಳೆಯ ಫೋಟೋದಲ್ಲೂ ಕಂಡುಬಂದದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಬಚ್ಚಲಿನ ಬಾಗಿಲು ಕೊಳೆತದ್ದು ಮಾತ್ರ ಹೊಸದೆಂದು ಅವರೇ ಒಪ್ಪಿದರು. ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ, ಆದರೆ ಸವೆತ ಯಾವುದು, ಹಾನಿ ಯಾವುದು ಎಂದು ತೋರಿಸಲು ಇಂಥ ಫೋಟೋಗಳಿಲ್ಲದೆ ಆಗುವುದಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರ, ಇ-ಸ್ಟಾಂಪ್, ಪ್ರತಿ ನವೀಕರಣದಲ್ಲೂ ಶೇ. 5ರ ಏರಿಕೆ, ತಿಂಗಳ ಮೊದಲ ವಾರದಲ್ಲೇ ಬಾಡಿಗೆ ಜಮಾ ಆಗುವುದು, ಇವೆಲ್ಲ ಅಚ್ಚುಕಟ್ಟಾಗಿ ನಡೆಯುತ್ತವೆ.

ದುರಸ್ತಿಯ ವಿಷಯದಲ್ಲಿ ಇಷ್ಟು ಹೊಗಳಲಾರೆ. ಫ್ಲಶ್ ಟ್ಯಾಂಕಿನ ವಾಲ್ವ್ ಬದಲಿಸಿದ ಬಿಲ್ಲಿನಲ್ಲಿ ವಾಲ್ವಿಗಿಂತ 'ಸ್ಥಳ ಭೇಟಿ ಶುಲ್ಕ' ಹೆಚ್ಚಿತ್ತು, ಮತ್ತು ಅದೇ ಕೆಲಸಕ್ಕೆ ಎರಡು ಸಲ ಬಂದದ್ದಕ್ಕೆ ಎರಡು ಭೇಟಿ ಬರೆದಿದ್ದರು. ಪ್ರಶ್ನಿಸಿದಾಗ ಒಂದನ್ನು ತೆಗೆದರು, ನಿಜ. ಆದರೆ ನಮ್ಮಂಥ ಹಳೆಯ ಕಟ್ಟಡದ ನಿಜವಾದ ಕಷ್ಟಗಳು ಅವರ ಆ್ಯಪಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮೂರು ಮನೆಗಳಿಗೂ ಒಂದೇ ಸಂಪು, ಒಂದೇ ಮೋಟರು. ಬೆಳಿಗ್ಗೆ ಯಾರು ಮೋಟರ್ ಹಾಕಬೇಕು, ಟ್ಯಾಂಕರ್ ತರಿಸಿದರೆ ಹಣವನ್ನು ಮನೆ ಲೆಕ್ಕದಲ್ಲಿ ಹಂಚಬೇಕೋ ತಲೆ ಲೆಕ್ಕದಲ್ಲೋ ಎಂಬ ತಕರಾರು ಬಂದಾಗ 'ಬಾಡಿಗೆದಾರರೇ ಮಾತಾಡಿಕೊಳ್ಳಲಿ' ಎಂಬುದಷ್ಟೇ ಅವರ ಉತ್ತರ. 2024ರ ಬೇಸಿಗೆಯಲ್ಲಿ ನಗರಕ್ಕೆಲ್ಲ ನೀರಿನ ಬರ ಬಂದಾಗ ದಿನವೂ ಫೋನಿನಲ್ಲಿ ಪಂಚಾಯ್ತಿ ನಡೆಸಿದವಳು ನನ್ನ ಹೆಂಡತಿ. ಶುಲ್ಕ ಮಾತ್ರ ಆ ತಿಂಗಳೂ ಪೂರ್ತಿಯೇ ಕಡಿತವಾಯಿತು.

ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಪ್ರಸಂಗವೂ ಇದೇ ಜಾತಿಯದು. ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆಯ ಲಾಭ ಪಡೆಯಬಹುದು; ಆದರೆ ಮನೆ ಬಿಟ್ಟವರು ಆ ಜೋಡಣೆಯನ್ನು ತೆಗೆಸದಿದ್ದರೆ ಹೊಸಬರು ಅದೇ ಆರ್.ಆರ್. ನಂಬರಿಗೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಅರ್ಜಿ ಹಾಕಲಾಗುವುದಿಲ್ಲ, ಹಳಬರಿಗೂ ಹೊಸ ಮನೆಯಲ್ಲಿ ತೊಂದರೆಯಾಗುತ್ತದೆ. ಮನೆ ಬಿಡಿಸಿಕೊಳ್ಳುವಾಗ ತುಂಬುವ ಸಂಸ್ಥೆಯ ಉದ್ದನೆಯ ನಮೂನೆಯಲ್ಲಿ ಗ್ಯಾಸ್ ಪೈಪು, ಬೀಗದ ಕೈಗಳ ಸಂಖ್ಯೆ ಎಲ್ಲವೂ ಇದ್ದವು, ಈ ಒಂದು ಸಾಲು ಮಾತ್ರ ಇರಲಿಲ್ಲ. ಮೇಲಿನ ಮನೆಗೆ ಬಂದ ಹುಡುಗನಿಗೆ ಪೂರ್ತಿ ಬಿಲ್ ಬಂದ ಮೇಲೆ ಹಳೆಯ ಬಾಡಿಗೆದಾರರನ್ನು ಹುಡುಕಿ ಫೋನ್ ಮಾಡಿ, ಸೇವಾಸಿಂಧುವಿನಲ್ಲಿ ಜೋಡಣೆ ರದ್ದು ಮಾಡಿಸಿದ್ದು ನಾವೇ. ಸಂಸ್ಥೆಯ ಪ್ರತಿನಿಧಿ ವಿನಯದಿಂದಲೇ ಮಾತಾಡಿದ, ಆದರೆ ಆತನಿಗೆ ಆ ವ್ಯವಸ್ಥೆಯೇ ತಿಳಿದಿರಲಿಲ್ಲ. ಸಣ್ಣ ಮನೆಗಳ ಬಾಡಿಗೆದಾರರಿಗೆ ತಿಂಗಳ ಕರೆಂಟ್ ಬಿಲ್ಲು ಎಷ್ಟು ಮುಖ್ಯವೆಂಬುದು ಅಪಾರ್ಟ್‌ಮೆಂಟುಗಳನ್ನೇ ನೋಡಿಕೊಂಡವರಿಗೆ ಹೊಳೆಯುವುದಿಲ್ಲವೇನೋ.

ಈ ವರ್ಷ ಒಪ್ಪಂದವನ್ನು ಪೂರ್ತಿಯಾಗಿ ಮುಂದುವರಿಸಲಿಲ್ಲ. ಬಾಡಿಗೆದಾರರ ಹುಡುಕಾಟ, ಕರಾರು ಪತ್ರ ಹಾಗೂ ಫೋಟೋ ದಾಖಲೆಗಳನ್ನಷ್ಟೇ ಅವರಿಗೆ ಬಿಟ್ಟು, ತಿಂಗಳ ನಿರ್ವಹಣೆಯನ್ನು ನೆಲಮಹಡಿಯವರಿಗೆ ಬಾಡಿಗೆಯಲ್ಲಿ 1,500 ರೂಪಾಯಿ ಕಡಿಮೆ ಮಾಡಿ ವಹಿಸಿದ್ದೇವೆ. ಪ್ಲಂಬರ್ ಅದೇ ಬೀದಿಯವನು, ಹಣ ನಾವು ಫೋನಿನಲ್ಲೇ ಕಳಿಸುತ್ತೇವೆ. ವಿದೇಶದಲ್ಲಿರುವ, ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲ್ಯಾಟ್ ಇರುವ ಮಾಲೀಕರಿಗೆ ಪೂರ್ಣ ಸೇವೆಯೇ ಸರಿಹೋಗಬಹುದು, ಏಕೆಂದರೆ ಅಲ್ಲಿ ನೀರು, ಮೋಟರುಗಳನ್ನು ಸಂಘವೇ ನೋಡಿಕೊಳ್ಳುತ್ತದೆ. ಸಹಿ ಹಾಕುವ ಮುನ್ನ ಎರಡು ಷರತ್ತುಗಳನ್ನು ಓದಿರಬೇಕು: ಅಡ್ವಾನ್ಸ್ ಹಣ ಯಾರ ಖಾತೆಯಲ್ಲಿರುತ್ತದೆ, ಮತ್ತು ಸೇವೆ ಬಿಟ್ಟರೆ ಬಾಡಿಗೆದಾರರ ಕರಾರು ಯಾರ ಹೆಸರಿನಲ್ಲಿ ಉಳಿಯುತ್ತದೆ. ನಮಗೆ ಕೊಟ್ಟ ಮೊದಲ ಕರಡಿನಲ್ಲಿ ಎರಡೂ ಸಂಸ್ಥೆಯ ಹೆಸರಿನಲ್ಲಿದ್ದವು. ತಿದ್ದಿಕೊಡಿ ಎಂದು ಕೇಳಿದಾಗ ಅವರು ಹೆಚ್ಚು ಚೌಕಾಸಿ ಮಾಡದೆ ತಿದ್ದಿಕೊಟ್ಟರು.