ಟ್ರ್ಯಾಕ್ ಓಡಿಸೋಕೆ ಮಿಯಾಟಾ ಬಿಟ್ಟು ಜಿಆರ್86 ತಗೊಂಡೆ

ಎರಡು ವರ್ಷ ನನ್ನ ಹತ್ತಿರ ಮಾಜ್ದಾ ಮಿಯಾಟಾ ಇತ್ತು. ಬಟ್ಟೆ ಟಾಪು, ಮ್ಯಾನುವಲ್ ಗೇರು, 2 ಲೀಟರ್ ಇಂಜಿನ್, 181 ಎಚ್‌ಪಿ. ತೂಕ 1,060 ಕೆ.ಜಿ. ಆಸುಪಾಸು, ಅಷ್ಟೇ. ಭಾನುವಾರ ಬೆಳಿಗ್ಗೆ ಟಾಪು ಮಡಚಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟದ ರಸ್ತೆ ಹತ್ತಿದರೆ ಆಗುಂಬೆ ಘಾಟಿ ನೆನಪಾಗುತ್ತಿತ್ತು. ಆ ಕಾರಿನ ಬಗ್ಗೆ ಇವತ್ತಿಗೂ ನನ್ನ ಬಾಯಲ್ಲಿ ಕೆಟ್ಟ ಮಾತು ಬರುವುದಿಲ್ಲ.

ಆದರೆ ನನಗೆ ಅಲ್ಲಿನ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಆಸೆ. ಕನ್ವರ್ಟಿಬಲ್ ಮಗುಚಿದರೆ ತಲೆ ಕಾಯೋಕೆ ಮೇಲೆ ಸೂರಿಲ್ಲ. ಅದಕ್ಕೇ ಸೀಟಿನ ಹಿಂದೆ ರೋಲ್ ಬಾರ್, ಅಂದರೆ ಕಾರು ಮಗುಚಿದಾಗ ಭಾರ ತಡೆಯುವ ಕಬ್ಬಿಣದ ಕಮಾನು, ಹಾಕಿಸಿದೆ. ಟ್ರ್ಯಾಕಿನ ದಿನ ಬೆಳಿಗ್ಗೆ ಕಾರು ತಪಾಸಣೆ. ನಾನು ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತಿದ್ದೆ. ತಪಾಸಣೆ ಮಾಡುವವರು ಉದ್ದದ ನೇರ ಕೋಲೊಂದನ್ನು ತಂದು ಒಂದು ತುದಿ ಮುಂದಿನ ಗಾಜಿನ ಮೇಲಂಚಿಗೆ, ಇನ್ನೊಂದು ತುದಿ ರೋಲ್ ಬಾರಿಗೆ ಇಟ್ಟರು. ಕೋಲಿಗೂ ಹೆಲ್ಮೆಟ್ಟಿಗೂ ನಡುವೆ 2 ಇಂಚು ಜಾಗ ಬೇಕಿತ್ತು. ಕೋಲು ಬಂದು ಹೆಲ್ಮೆಟ್ ಮೇಲೆ ಟಕ್ ಅಂತ ಕೂತಿತು. ನನ್ನ ಎತ್ತರ 6 ಅಡಿ 1 ಇಂಚು.

ಸ್ವಲ್ಪ ಜಾರಿ, ಬೆನ್ನು ಬಗ್ಗಿಸಿ ಕೂತು ಪಾಸಾಗಬಹುದಿತ್ತು. ಮನಸ್ಸು ಬರಲಿಲ್ಲ. ಆ ಕೋಲು ಇಡೋದೇ ನನ್ನ ಕತ್ತು ಉಳಿಸೋಕೆ ಅಲ್ವಾ? ಅವತ್ತು ಓಡಿಸದೆ ಮನೆಗೆ ವಾಪಸ್ ಬಂದೆ.

ಆಮೇಲೆ ತಗೊಂಡಿದ್ದು ಟೊಯೊಟಾ ಜಿಆರ್86 ಕೂಪೆ, ಅಂದರೆ ಗಟ್ಟಿ ಸೂರಿರುವ ಎರಡು ಬಾಗಿಲಿನ ಕಾರು. 2.4 ಲೀಟರ್ ಬಾಕ್ಸರ್ ಇಂಜಿನ್ (ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಮಲಗಿರುವಂಥದ್ದು), 228 ಎಚ್‌ಪಿ. ಮಿಯಾಟಾಗಿಂತ ಸುಮಾರು 200 ಕೆ.ಜಿ. ಜಾಸ್ತಿ ತೂಕ. ಬ್ರೇಕ್ ಹಿಡಿಯುವಾಗ ಆ ಭಾರ ಗೊತ್ತಾಗುತ್ತದೆ. ಟ್ರ್ಯಾಕಿಗೆ ಹೋಗುವ ಮುಂಚೆ ಜಾಸ್ತಿ ಶಾಖ ತಡೆಯುವ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಹಾಕಿಸಲೇಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ಬದಲಿಗೆ ಸಿಗುವುದು ಗಟ್ಟಿ ಮೈ. ಮಿಯಾಟಾದಲ್ಲಿ ಒರಟು ರಸ್ತೆ ಬಂದರೆ ಒಳಗಿನ ಕನ್ನಡಿ ನಡುಗುತ್ತಿತ್ತು. ಇದರಲ್ಲಿ ಟ್ರ್ಯಾಕಿನ ಅಂಚುಕಟ್ಟೆ ಹತ್ತಿಸಿದರೂ ಕನ್ನಡಿ ಅಲುಗುವುದಿಲ್ಲ. ಲಗುನಾ ಸೆಕಾದ ಕಾರ್ಕ್‌ಸ್ಕ್ರೂ ತಿರುವಿನಲ್ಲಿ ರಸ್ತೆ 450 ಅಡಿ ದೂರದಲ್ಲೇ 59 ಅಡಿ ಕೆಳಗೆ ಬೀಳುತ್ತದೆ. ತಿರುಗಿಸುವಾಗ ಮುಂದೆ ರಸ್ತೆಯೇ ಕಾಣುವುದಿಲ್ಲ, ಬರೀ ಆಕಾಶ. ಮೊದಲ ಸಲ ಹೊಟ್ಟೆ ಬಾಯಿಗೆ ಬಂತು. ಕಾರು ಮಾತ್ರ ಹಿಡಿತ ಬಿಡಲಿಲ್ಲ. ಸಂಜೆವರೆಗೂ ನನ್ನ ಗಮನವೆಲ್ಲ ತಿರುವಿನ ಮೇಲಿತ್ತು, ತಲೆಯ ಮೇಲೆ ಏನಿದೆ ಅನ್ನುವ ಯೋಚನೆಯೇ ಬರಲಿಲ್ಲ.

ಇನ್ನೊಂದು ಅನುಕೂಲ: ಹಿಂದಿನ ಸೀಟು ಮಡಚಿದರೆ ನಾಲ್ಕು ಟ್ರ್ಯಾಕ್ ಟೈರು, ಜೊತೆಗೆ ಜಾಕು, ಪಾನಾ ಎಲ್ಲ ಒಳಗೇ ಹಿಡಿಸುತ್ತವೆ. ಬೇರೆ ಗಾಡಿ ಬೇಡ.

ಗಾಳಿ, ಬಿಸಿಲು, ಮರದ ವಾಸನೆ ಹೋಯಿತು, ನಿಜ. ಬೆಟ್ಟದ ರಸ್ತೆಗೆ ಹೋದಾಗಲೆಲ್ಲ ಅದು ನೆನಪಾಗುತ್ತದೆ. ನಿಮ್ಮ ಎತ್ತರ ಐದೂವರೆ ಅಡಿ ಇದ್ದರೆ ಒಳ್ಳೆ ರೋಲ್ ಬಾರ್ ಹಾಕಿಸಿ ಮಿಯಾಟಾನೇ ತಗೊಳ್ಳಿ ಅಂತೀನಿ. ಹಗುರ ಕಾರು, ಟೈರು, ಬ್ರೇಕು ಬೇಗ ಸವೆಯುವುದಿಲ್ಲ. ಯಾವುದೇ ಆಗಲಿ, ಶೋರೂಮಿಗೆ ಹೋಗುವಾಗ ಹೆಲ್ಮೆಟ್ ಜೊತೆಗಿರಲಿ. ಅದನ್ನು ಹಾಕಿಕೊಂಡೇ ಹತ್ತು ನಿಮಿಷ ಕಾರಿನಲ್ಲಿ ಕೂತು ನೋಡಿ.