ಮಂಗನ ಬೆನ್ನೆಲುಬಿನ ಮಾದರಿ: ಎಣಿಕೆ ಸರಿ, ಬಾಗು ತಪ್ಪು

ಶಿರಸಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಕಳೆದ ಜೂನ್‌ನಲ್ಲಿ ಮಂಗನ ಬೆನ್ನೆಲುಬಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಸಾಗಣೆ ವೆಚ್ಚ ಸೇರಿ 8,600 ರೂಪಾಯಿ ಆಯಿತು. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ದಿನಾ ಓಡಿಸುವ ಊರಿನಲ್ಲಿ ಪ್ಲಾಸ್ಟಿಕ್ ಮಂಗನಿಗೆ ಇಷ್ಟು ಹಣವೇ ಎಂದು ಖರೀದಿ ಸಮಿತಿಯ ಹಿರಿಯರೊಬ್ಬರು ಕೇಳಿದ್ದರು. ಕಾಡಿನಲ್ಲಿ ಸತ್ತ ಮಂಗನ ಮೂಳೆಗಳನ್ನು ತಂದಿಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ; ಅದಕ್ಕಿಂತ ಮಿಗಿಲಾಗಿ, ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯನ್ನು ಕಂಡಿರುವ ಸಿದ್ದಾಪುರದ ಕಡೆಯವರು ಸತ್ತ ಮಂಗನ ಹತ್ತಿರ ಸುಳಿಯುವುದಿಲ್ಲ, ಸುಳಿಯಲೂಬಾರದು. ಹೀಗಾಗಿ ನಮಗೆ ಮಾದರಿಯೇ ಗತಿ.

ಪೆಟ್ಟಿಗೆಯ ಮೇಲೆ 'ಮಂಗ' ಎಂದಷ್ಟೇ ಇದೆ, ಯಾವ ಜಾತಿ ಎಂದು ಬರೆದಿಲ್ಲ. ಬಾಲ ಗಿಡ್ಡವಾಗಿರುವುದರಿಂದ ಇದು ನಮ್ಮ ತೋಟಗಳಿಗೆ ಬರುವ ಉದ್ದಬಾಲದ ಮಂಗನಲ್ಲ, ಉತ್ತರ ಭಾರತದ ರೀಸಸ್ ಇರಬೇಕೆಂದು ನನ್ನ ಊಹೆ. ಎಣಿಕೆಯಲ್ಲಿ ಮಾತ್ರ ತಯಾರಕರು ಎಲ್ಲಿಯೂ ಎಡವಿಲ್ಲ. ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 7 ಕಶೇರುಗಳಿದ್ದು (ಬೆನ್ನೆಲುಬಿನ ಬಿಡಿ ಮೂಳೆಗಳು), ಸೊಂಟದ ಕೆಳಗಿನ ತ್ರಿಕಾಸ್ಥಿಯಲ್ಲಿ 3 ಬೆಸೆದುಕೊಂಡಿವೆ. ಮನುಷ್ಯನ ಸೊಂಟದಲ್ಲಿ ಸಾಮಾನ್ಯವಾಗಿ 5 ಇರುವುದನ್ನು ಪಕ್ಕದ ಹಳೆಯ ಮಾದರಿಯಲ್ಲಿ ತೋರಿಸಿದರೆ ಮಂಗನ ನಡು ಏಕೆ ಅಷ್ಟು ಉದ್ದ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ. ಸೊಂಟದ ಕಶೇರುಗಳ ಅಡ್ಡಚಾಚುಗಳು, ಅಂದರೆ ಎರಡೂ ಬದಿಗೆ ಚಾಚಿದ ಮೂಳೆಯ ಭಾಗಗಳು, ಮನುಷ್ಯನಲ್ಲಿರುವಂತೆ ಹಿಂದಕ್ಕೆ ಸರಿಯದೆ ಕಶೇರುವಿನ ಒಡಲಿನಿಂದಲೇ ಹೊರಡುವುದನ್ನೂ ಅಚ್ಚುಕಟ್ಟಾಗಿ ತೋರಿಸಿದ್ದಾರೆ. ಈ ಬೆಲೆಗೆ ಇಷ್ಟು ಸೂಕ್ಷ್ಮವನ್ನು ನಾನು ನಿರೀಕ್ಷಿಸಿರಲಿಲ್ಲ.

ಎಣಿಕೆಯ ಮಟ್ಟಿಗೆ ಈ ಮಾದರಿ ಆನುವಂಶಿಕತೆಯ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಯಾವ ಕಶೇರುವಿಗೆ ಪಕ್ಕೆಲುಬು ಮೂಡಬೇಕು, ಯಾವುದು ತ್ರಿಕಾಸ್ಥಿಯಾಗಬೇಕು ಎಂಬುದು ಭ್ರೂಣದಲ್ಲಿ ಹಾಕ್ಸ್ ಜೀನ್‌ಗಳ ಹಿಡಿತದಲ್ಲಿದೆ. 2003ರಲ್ಲಿ ವೆಲ್ಲಿಕ್ ಮತ್ತು ಕಪೆಚ್ಚಿ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಹಾಕ್ಸ್10 ಗುಂಪಿನ ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿದಾಗ ಸೊಂಟದ ಕಶೇರುಗಳಲ್ಲೂ ಪಕ್ಕೆಲುಬು ಮೂಡಿತು. ಹಾಕ್ಸ್11 ಗುಂಪನ್ನು ನಿಷ್ಕ್ರಿಯಗೊಳಿಸಿದಾಗ ತ್ರಿಕಾಸ್ಥಿ ರೂಪುಗೊಳ್ಳಲಿಲ್ಲ.

ಆದರೆ ಬಾಗಿನಲ್ಲಿ ದೊಡ್ಡ ತಪ್ಪಾಗಿದೆ. ಮನುಷ್ಯನ ಮಾದರಿಗೆ ಬಳಸುವ ಬಾಗಿದ ಕಂಬಿಗೇ ಮಂಗನ ಕಶೇರುಗಳನ್ನು ಪೋಣಿಸಿ ಕಳಿಸಿರುವುದರಿಂದ, ನಾಲ್ಕು ಕಾಲಿನ ಮೇಲೆ ಓಡಾಡುವ ಪ್ರಾಣಿಯ ಸೊಂಟ ಎರಡು ಕಾಲಿನ ಮೇಲೆ ನಿಂತವರಂತೆ ಮುಂದಕ್ಕೆ ಉಬ್ಬಿ ನಿಂತಿದೆ. ಕೋಪ ಬಂದದ್ದು ನಿಜ. ಆದರೆ ಇದೇ ತಪ್ಪು ಪರಿಸರದ ಪ್ರಭಾವವನ್ನು ವಿವರಿಸಲು ಒಳ್ಳೆಯ ನೆಪವೂ ಆಯಿತು. ಜಪಾನಿನಲ್ಲಿ ಮಂಗಗಳಿಗೆ ಎಳವೆಯಿಂದಲೇ ಎರಡು ಕಾಲಿನಲ್ಲಿ ನಡೆಯುವುದನ್ನು ಕಲಿಸಿ ಆಟ ಆಡಿಸುವ ಹಳೆಯ ಕಲೆಯೊಂದಿದೆ. ಹಾಗೆ ಪಳಗಿದ ಮಂಗಗಳ ಎಕ್ಸ್‌ರೇ ತೆಗೆದ ಸಂಶೋಧಕರಿಗೆ, ಅದೇ ಜಾತಿಯ ಉಳಿದ ಮಂಗಗಳಲ್ಲಿ ಕಾಣದ ಮುಂಬಾಗು ಅವುಗಳ ಸೊಂಟದಲ್ಲಿ ಕಂಡಿತು. ಜೀನ್ ಬದಲಾಗಿರಲಿಲ್ಲ, ಬದಲಾದದ್ದು ಮೂಳೆಯ ಮೇಲಿನ ಹೊರೆ. ಬಾಲದ ವಿಷಯವೂ ಇಂಥದ್ದೇ. ಜಾತಿಯಿಂದ ಜಾತಿಗೆ ಬಾಲದ ಉದ್ದ ಬದಲಾಗುವುದು ಆನುವಂಶಿಕವೆನ್ನಬಹುದು, ಆದರೆ ಚಳಿಯಲ್ಲಿ ಬೆಳೆದ ಇಲಿಗಳ ಬಾಲ ಗಿಡ್ಡವಾಗುತ್ತದೆ ಎಂದು ಪ್ರಾಣಿಶಾಸ್ತ್ರಜ್ಞ ಸಮ್ನರ್ 1909ರಷ್ಟು ಹಿಂದೆಯೇ ತೋರಿಸಿದ್ದರು. ಅಘನಾಶಿನಿ ಕಣಿವೆಯ ಸಿಂಗಳೀಕದ ಬಾಲವನ್ನು ಬಲ್ಲ ನಮ್ಮ ಹುಡುಗರು ಈ ಭಾಗಕ್ಕೆ ಬಂದಾಗಲೇ ಹೆಚ್ಚು ಪ್ರಶ್ನೆ ಕೇಳಿದರು.

ನನ್ನ ಇನ್ನೊಂದು ಆಕ್ಷೇಪ ಜೊತೆಗೆ ಬಂದ ಚೀಟಿಯ ಬಗ್ಗೆ. ಅಚ್ಚು ತೆಗೆದ ಮಂಗನ ವಯಸ್ಸಾಗಲಿ ಲಿಂಗವಾಗಲಿ ಅದರಲ್ಲಿಲ್ಲ, ಪಂಜರದಲ್ಲಿ ಬೆಳೆದದ್ದೋ ಬಯಲಿನದ್ದೋ ಎಂಬುದೂ ಇಲ್ಲ. ಸೊಂಟದ ಕೊನೆಯ ಎರಡು ಕಶೇರುಗಳ ಅಂಚಿನಲ್ಲಿ ಮೂಳೆ ಚೂಪಾಗಿ ಬೆಳೆದಿದೆ. ವಯಸ್ಸಾದ ಮಂಗಗಳಲ್ಲಿ ಸವೆತದಿಂದ ಹೀಗಾಗುವುದುಂಟು, ಆದರೆ ಇದು ಸವೆತವೋ ಅಚ್ಚಿನ ದೋಷವೋ ಎಂದು ಹೇಳುವ ಆಧಾರವೇ ನಮ್ಮಲ್ಲಿಲ್ಲ. ಪೋರ್ಟೊ ರಿಕೊ ಬಳಿಯ ಕಾಯೊ ಸ್ಯಾಂಟಿಯಾಗೊ ದ್ವೀಪಕ್ಕೆ 1938ರಲ್ಲಿ ಮಂಗಗಳ ಅಧ್ಯಯನಕಾರ ಕಾರ್ಪೆಂಟರ್ ಭಾರತದಿಂದ ಒಯ್ದ ರೀಸಸ್ ಮಂಗಗಳ ಸಂತತಿಯ ಅಸ್ಥಿಪಂಜರಗಳು ಸಂಶೋಧಕರಿಗೆ ಅಮೂಲ್ಯವಾಗಿರುವುದು, ಪ್ರತಿ ಮಂಗನ ವಯಸ್ಸೂ ಮನೆತನವೂ ದಾಖಲಾಗಿರುವುದರಿಂದಲೇ. ಆ ದಾಖಲೆ ಇದ್ದರೆ ಮಾತ್ರ, ಒಂದು ಗುಂಪಿನೊಳಗಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ರಕ್ತಸಂಬಂಧದ್ದು, ಎಷ್ಟು ಬದುಕಿದ ರೀತಿಯದ್ದು ಎಂದು ಲೆಕ್ಕ ಹಾಕಲು ಬರುತ್ತದೆ.

ಮಾರಾಟಗಾರರಿಗೆ ಬಾಗಿನ ತಪ್ಪನ್ನು ಬರೆದು ತಿಳಿಸಿದೆ. ವಾರದ ನಂತರ ಬಂದ ಉತ್ತರದಲ್ಲಿ 200 ರೂಪಾಯಿ ರಿಯಾಯಿತಿಯ ಕೂಪನ್ ಇತ್ತು, ಬೇರೆ ಕಂಬಿ ಇರಲಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಪದವಿ ತರಗತಿಗೆ ಧಾರಾಳವಾಗಿ ಕೊಳ್ಳಬಹುದು, ಆದರೆ ತಿದ್ದಿ ಹೇಳುವ ಶಿಕ್ಷಕರಿಲ್ಲದ ಪ್ರದರ್ಶನಕ್ಕೆ ಬೇಡ. ನಮ್ಮ ಅಟೆಂಡರ್ ದಪ್ಪ ತಂತಿಯೊಂದನ್ನು ತಂದು, ಬೆನ್ನು ಕೊಂಚವೇ ಮೇಲಕ್ಕೆ ಕಮಾನಾಗುವಂತೆ ಕಶೇರುಗಳನ್ನು ಒಂದೇ ಮಧ್ಯಾಹ್ನದಲ್ಲಿ ಮರುಪೋಣಿಸಿಕೊಟ್ಟರು. ಹಳೆಯ ಕಂಬಿಯನ್ನು ಎಸೆದಿಲ್ಲ. ಜಪಾನಿನ ಮಂಗಗಳ ಪಾಠದ ದಿನ ಅದನ್ನೇ ಮತ್ತೆ ಹೊರಗೆ ತೆಗೆಯುತ್ತೇವೆ.