ಬೋರ್ಡಿಲ್ಲದ ಅಂಗಡಿಯ ಗ್ಲಾಡಿ ಗೆಡ್ಡೆ, ನನ್ ಕಡೆಯಿಂದ 5ಕ್ಕೆ 4

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಕೇಳ್ಬೇಡಿ, ಅದಕ್ಕೆ ಹೆಸರೂ ಇಲ್ಲ ಬೋರ್ಡೂ ಇಲ್ಲ. ಹಾಸನದಿಂದ ಬೇಲೂರು ರೋಡಲ್ಲಿ ಹೋಗ್ತಾ ಒಂದು ಶೀಟ್ ಹೊದ್ಸಿರೋ ಶೆಡ್ಡು, ಮುಂದೆ ಎರಡು ನೀಲಿ ಡ್ರಮ್ಮು, ಒಳಗೆ ಕ್ರೇಟ್ ಮೇಲೆ ಕ್ರೇಟ್ ಗೆಡ್ಡೆ. ಸುಗಂಧರಾಜನೂ ಇಡ್ತಾರೆ, ಗ್ಲಾಡಿಯೋಲಸ್ಸೂ ಇಡ್ತಾರೆ (ಗ್ಲಾಡಿ ಅಂದ್ರೆ ಇದೇ, ಉದ್ದ ಕಡ್ಡೀಲಿ ಸಾಲಾಗಿ ಹೂ ಬಿಡೋ ಡೆಕೋರೇಷನ್ ಹೂವು). ಗೊತ್ತಿದ್ದೋರು ಹೇಳಿದ್ರೆ ಮಾತ್ರ ಸಿಗೋ ಜಾಗ. ಗೆಡ್ಡೆ ತಂದ ದಿನಾನೇ ಫೋಟೋ ಹಾಕಿ ಸೂಪರ್ ಕ್ವಾಲಿಟಿ ಅಂತ ಬರೆಯೋದ್ರಿಂದ ಯಾರಿಗೂ ಪ್ರಯೋಜನ ಇಲ್ಲ ಅಂತ ನಾನು ಒಂದು ಬೆಳೆ ಪೂರ್ತಿ ಮುಗ್ಸಿ, ಹೂ ಮಾರಿ, ಗೆಡ್ಡೆ ಕಿತ್ತು ಒಣಗ್ಸಿ, ಆಮೇಲೆ ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ರೆ ಓದಿ.

ನಮ್ದು ಹಾಸನ ತಾಲೂಕಿನ ದುದ್ದದ ಕಡೆ. ಮಾವನವರ ಕಾಲದಿಂದ್ಲೂ ಆಲೂಗಡ್ಡೆ ಬೆಳೆಯೋ ಮನೆ. ಅಂಗಮಾರಿ ರೋಗ ಬಂದು ವರ್ಷ ವರ್ಷ ಹೊಡ್ತ ತಿಂದು ತಿಂದು ಈಗ ಜೋಳ, ಒಂದಷ್ಟು ಶುಂಠಿ. ಬೋರ್‌ವೆಲ್ ಪಕ್ಕದ 3 ಗುಂಟೆ ಮಾತ್ರ "ನೀನೇ ಏನಾರ ಮಾಡ್ಕೋ ಬುಡು" ಅಂತ ಮಾವ ನಂಗೆ ಬಿಟ್ಕೊಟ್ರು. ಸೇವಂತಿಗೆ ಹಾಕಿದ್ರೆ ಬಿಡಿಸೋಕೆ ಆಳು ಬೇಕು, ಗುಲಾಬಿಗೆ ಬಂಡವಾಳ ಬೇಕು, ಗ್ಲಾಡಿ ಆದ್ರೆ ಒಂದು ಗೆಡ್ಡೆಗೆ ಒಂದು ಕಡ್ಡಿ, ಬೆಳಗ್ಗೆ ಒಂದ್ಗಂಟೆ ಕೆಲಸ, ಒಬ್ಳೇ ಮಾಡ್ಬೋದು ಅಂತ ನನ್ ಲೆಕ್ಕ. (ಒಬ್ಳೇ ಮಾಡ್ಬೋದು ಅನ್ನೋದು ಶುದ್ಧ ಸುಳ್ಳು.)

ಹೋಗಿದ್ದು ಅಕ್ಟೋಬರಲ್ಲಿ, ಹಾಸನಾಂಬ ದರ್ಶನದ ಟೈಮು, ಊರೊಳಗೆ ಸ್ಕೂಟಿ ತಳ್ಕೊಂಡ್ ಹೋಗೋದೇ ವಾಸಿ ಅನ್ನೋ ಹಂಗಿತ್ತು. ಶೆಡ್ಡಿಗೆ ಹೋಗಿ ಗ್ಲಾಡಿ ಗೆಡ್ಡೆ ಬೇಕು ಅಂದ್ರೆ ಅಂಗಡಿ ಯಜಮಾನ್ರು ರೇಟ್ ಹೇಳ್ಲಿಲ್ಲ, "ಮದುವೆ ಯಾವಾಗಮ್ಮ?" ಅಂದ್ರು. ನಂಗಾಗಿ ಏಳು ವರ್ಷ ಆಯ್ತು ಅಂದೆ. "ನಿಂದಲ್ಲ ಕಣಮ್ಮ, ಊರೋರ ಮದುವೆ!" ಅಂತ ನಕ್ಕು ಕ್ಯಾಲೆಂಡರ್ ತೆಗೆದ್ರು. ಧನುರ್ಮಾಸದಲ್ಲಿ ಮದುವೆ ಇಲ್ಲ, ಹೂ ಕೇಳೋರಿಲ್ಲ, ಸಂಕ್ರಾಂತಿ ಕಳೀತಿದ್ದಂಗೆ ಛತ್ರಗಳೆಲ್ಲಾ ತುಂಬ್ತವೆ, ಗೆಡ್ಡೆ ನೆಟ್ಟು ಹೆಚ್ಚು ಕಮ್ಮಿ 80 ದಿನಕ್ಕೆ ಕಡ್ಡಿ ಬರತ್ತೆ, ಸಂಕ್ರಾಂತಿಯಿಂದ ಹಿಂದಕ್ಕೆ ಎಣಿಸ್ಕೋ ಅಂತ ಬೆರಳಲ್ಲಿ ದಿನ ಎಣಿಸಿ ತೋರ್ಸಿದ್ರು. ಎಷ್ಟೊಂದ್ ವಿಡಿಯೋ ನೋಡಿದ್ದೆ, ಮಣ್ಣಿನ ಪಿಎಚ್ಚು ಗೊಬ್ಬರ ಎಲ್ಲಾ ಹೇಳಿದ್ರು, ಇದನ್ನ ಒಬ್ರೂ ಹೇಳಿರ್ಲಿಲ್ಲ. ಅರ್ಧ ಗಂಟೆ ಮಾತಾಡಿದ್ರು, ಆಮೇಲೇ ಕ್ರೇಟ್ ಇಳಿಸಿದ್ದು. ನನ್ ನಾಲ್ಕು ಸ್ಟಾರಲ್ಲಿ ಎರಡು ಆ ಅರ್ಧ ಗಂಟೆಗೆ.

ತಗೊಂಡಿದ್ದು 4000 ಗೆಡ್ಡೆ, ಒಂದಕ್ಕೆ 4 ರೂಪಾಯಿ, ಒಟ್ಟು 16 ಸಾವಿರ. ಬಿಳಿಗೆ ವೈಟ್ ಪ್ರಾಸ್ಪೆರಿಟಿ, ಹಳದಿಗೆ ಸಮ್ಮರ್ ಸನ್‌ಶೈನ್, ಕೆಂಪು ಗುಲಾಬಿ ಬಣ್ಣಕ್ಕೆ ಅಮೆರಿಕನ್ ಬ್ಯೂಟಿ. ಬಣ್ಣದಲ್ಲಿ ಮೋಸ ಇಲ್ಲ, ಹೇಳಿದ್ದೇ ಬಂತು, ಬಿಳಿ ಸಾಲಲ್ಲಿ ಒಂದತ್ತು ಗುಲಾಬಿ ಬಂದಿರ್ಬೋದು ಅಷ್ಟೆ. ಕೊಳೆತಿದ್ದೂ ಇಲ್ಲ ಅನ್ನೋ ಹಂಗೆ. ಹಿಚುಕಿದ್ರೆ ಗಟ್ಟಿ, ಸಿಪ್ಪೆ ಒಣಗಿ ಈರುಳ್ಳಿ ತರ ಸರಸರ ಅಂತಿತ್ತು, ಸುಮಾರಕ್ಕೆ ನೆತ್ತಿ ಮೇಲೆ ಬಿಳಿ ಮೊಳಕೆ ಇಣುಕ್ತಿತ್ತು. ಮೊಳಕೆ ಕಾಣ್ತಿದ್ರೆ ಒಳ್ಳೇದು, ಗ್ಲಾಡಿ ಗೆಡ್ಡೆ ಕಿತ್ತ ಮೇಲೆ ಎರಡೂವರೆ ಮೂರು ತಿಂಗಳು ನಿದ್ದೆ ಹೊಡೆಯತ್ತೆ, ನಿದ್ದೇಲಿರೋದನ್ನ ನೆಟ್ರೆ ಮಣ್ಣಲ್ಲೇ ಮಲಗಿರತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಸೈಜಿಗೆ. 4 ಸೆಂ.ಮೀ ಮೇಲಿನ ಗೆಡ್ಡೆ ಅಂತ ಮಾತಾಗಿತ್ತು. ಮೇಲಿನ ಕ್ರೇಟ್‌ಗಳು ಹಂಗೇ ಇದ್ವು, ದಪ್ಪ ದಪ್ಪ. ಮನೆಗ್ ಬಂದು ಕೆಳಗಿನ ಎರಡು ಕ್ರೇಟ್ ಸುರಿದ್ರೆ ಅದ್ರಲ್ಲಿ ಗೋಲಿ ಸೈಜಿಗಿಂತ ಸ್ವಲ್ಪ ದೊಡ್ಡವು, ಚಪ್ಪಟೆಯವು, ಎಲ್ಲಾ ಮಿಕ್ಸು. ಅತ್ತೆ ನೋಡಿದ್ ಕೂಡ್ಲೆ "ಬಿತ್ತನೆ ಆಲೂಗಡ್ಡೆ ಮೂಟೇಲೂ ಹಿಂಗೇ ಕಣೆ, ಬಾಯಲ್ಲಿ ದಪ್ಪ ತಳದಲ್ಲಿ ಸಣ್ಣ" ಅಂದ್ರು. ಜಲಂಧರ್ ಕಡೆಯಿಂದ ಬರೋ ಬಿತ್ತನೆಯನ್ನ ಮೂಟೆ ಬಿಚ್ಚಿ, ಸುರಿದು, ಕೊಯ್ದು ನೋಡಿ ತರ್ತಿದ್ದ ಮನೆಗೆ ಸೊಸೆಯಾಗಿ ಬಂದು ನಾನು ಕ್ರೇಟ್ ಸುರಿಸ್ದೇನೇ ದುಡ್ಡು ಕೊಟ್ಟು ಬಂದಿದ್ದೆ. ತಲೆ ಎತ್ತೋಕಾಗ್ಲಿಲ್ಲ. ಎಣಿಸಿದ್ರೆ ಸಣ್ಣವೇ 600 ಚಿಲ್ಲರೆ. ಆಗ್ಲೇ ವಾಪಸ್ ಹೋಗ್ಬೇಕಿತ್ತು, ಹಬ್ಬದ ರಶ್ಶಲ್ಲಿ ಯಾರ್ ಹೋಗ್ತಾರೆ ಅಂತ ನೆಟ್ಬಿಟ್ಟೆ. ಆ 600ರಲ್ಲೂ ಎಲೆ ಚೆನ್ನಾಗೇ ಬಂತು, ಕತ್ತಿ ತರ ನಿಂತ್ವು, ಹೂವಿನ ಕಡ್ಡಿ ಮಾತ್ರ ಬರ್ಲೇ ಇಲ್ಲ. ಸಣ್ಣ ಗೆಡ್ಡೆ ಮೊದ್ಲು ತನ್ ಹೊಟ್ಟೆ ನೋಡ್ಕೊಳತ್ತೆ, ದಪ್ಪ ಆದ್ಮೇಲೇ ಹೂ.

ನೆಟ್ಟಿದ್ದು ಬೆಳೆಸಿದ್ದು ಜಾಸ್ತಿ ಹೇಳಲ್ಲ, ಅದು ಕಷ್ಟ ಇಲ್ಲ. ಕಾರ್ಬೆಂಡಜಿಮ್ (ಬೂಸ್ಟು ರೋಗ ತಡೆಯೋ ಔಷಧಿ) ಲೀಟರಿಗೆ 2 ಗ್ರಾಂ ಕಲಸಿ ಅದ್ರಲ್ಲಿ ಅರ್ಧ ಗಂಟೆ ನೆನೆಸಿ, ಸಾಲಿಂದ ಸಾಲಿಗೆ ಒಂದಡಿ, ಗೆಡ್ಡೆಯಿಂದ ಗೆಡ್ಡೆಗೆ ಗೇಣಿಗಿಂತ ಸ್ವಲ್ಪ ಕಮ್ಮಿ, ಎರಡು ಮೂರು ಇಂಚು ಆಳ. ನಾಲ್ಕೈದು ಎಲೆ ಬಂದಾಗ ಮಣ್ಣು ಏರಿಸ್ಬೇಕು, ಆ ಹೊತ್ತಲ್ಲೇ ಒಳಗೆ ಕಡ್ಡಿ ಕಟ್ಟೋದು, ಆಗ ನೀರು ತಪ್ಪಿಸಬಾರ್ದು. ಒಂದ್ ರಾತ್ರಿ ಹಂದಿ ಬಂದು ಒಂದು ಸಾಲಿನ ತುದಿ ಉತ್ತು ಹೋಯ್ತು, ಎಲ್ಲಾ ಸೇರಿ ಒಂದು ನೂರು ಹೋಗಿರ್ಬೋದು. ಅಂಗಡಿ ಯಜಮಾನ್ರು 10 ದಿನಕ್ಕೊಂದ್ಸಲ ನಾಲ್ಕು ಕಂತಲ್ಲಿ ನೆಡು, ಆಗ ಹೂ ಒಟ್ಟಿಗೆ ಬರಲ್ಲ ಅಂದಿದ್ರು. ನಾನು ಎರಡೇ ಕಂತು ಮಾಡ್ದೆ. ಅದರ ಫಲ, ಜನವರಿ ಕೊನೇಲಿ ಒಂದ್ ವಾರ ಮನೆ ತುಂಬಾ ಹೂವು, ಊರೋರಿಗೆಲ್ಲಾ ಹಂಚಿದ್ದೂ ಆಯ್ತು.

ಈಗ ಕೊಯ್ಲಿನ ವಿಷ್ಯ, ಇಲ್ಲೇ ಎಲ್ರೂ ಎಡವೋದು. ಗ್ಲಾಡೀನ ಅರಳಿದ ಮೇಲೆ ಕೊಯ್ಯಲ್ಲ. ಕಡ್ಡಿಯ ಅಡಿಗಿರೋ ಮೊದಲ್ನೇ ಮೊಗ್ಗು ಹಸಿರು ಪೊರೆ ಸೀಳ್ಕೊಂಡು ಬಣ್ಣ ಇಣುಕಿಸ್ತಲ್ಲ, ರವಿಕೆ ತೋಳಿಂದ ಬಳೆ ಕಂಡಂಗೆ ಇಷ್ಟೇ ಇಷ್ಟು, ಅವತ್ತೇ ಬೆಳಗ್ಗೆ ಕೊಯ್ಬೇಕು. ಒಂದಾದ್ಮೇಲೊಂದು ಮೇಲಕ್ಕೆ ನೀರಲ್ಲೇ ಅರಳ್ಕೊಂಡ್ ಹೋಗತ್ತೆ. ಚಾಕು ಹರಿತ ಇರ್ಬೇಕು, ಎಲೆಗಳ ಮಧ್ಯೆ ಓರೆಯಾಗಿ ಇಳಿಸಿ ಕಡ್ಡಿ ಮಾತ್ರ ತೆಗೆದು ಗಿಡದಲ್ಲಿ ಕೊನೇ ಪಕ್ಷ ನಾಲ್ಕು ಎಲೆ ಉಳಿಸ್ಬೇಕು, ಆ ಎಲೆ ಇದ್ರೇನೇ ಮುಂದಿನ ವರ್ಷದ ಗೆಡ್ಡೆ ದಪ್ಪ ಆಗೋದು. ಮೊದಲ ದಿನ ಉದ್ದ ಕಡ್ಡಿ ಸಿಗ್ಲಿ ಅಂತ ಆಸೆಗೆ ಬುಡಕ್ಕೇ ಕೊಯ್ದೆ, ಆ ಸಾಲಿನ ಗೆಡ್ಡೆ ಆಮೇಲೆ ಕಿತ್ತಾಗ ಬೆಳ್ಳುಳ್ಳಿ ಎಸಳಷ್ಟಿತ್ತು. ಇಬ್ಬನೀಲಿ ಕೈ ಮರಗಟ್ಟಿರತ್ತೆ, ಕೊಯ್ದಿದ್ದನ್ನ ಆಗಿಂದಾಗ್ಲೇ ಬಕೆಟ್ ನೀರಿಗೆ ಇಳಿಸ್ಬೇಕು, ಒಬ್ರು ಕೊಯ್ಯೋಕೆ ಒಬ್ರು ಬಕೆಟ್ ಹೊರೋಕೆ ಬೇಕೇ ಬೇಕು. ಅತ್ತೆ ಬಕೆಟ್ ಹೊತ್ರು. ಬೈಕೊಂಡೇ ಹೊತ್ರು.

ಯಜಮಾನ್ರು ಅರ್ಧ ಗಂಟೇಲಿ ಹೇಳಿದ್ದನ್ನೆಲ್ಲಾ ಫೋನಲ್ಲಿ ಬರ್ಕೊಂಡಿದ್ದೆ, ಕೊನೇದೊಂದು ಬಿಟ್ಟು, ಅಷ್ಟ್ರಲ್ಲಿ ನಮ್ಮೆಜಮಾನ್ರ ಕಾಲ್ ಬಂತು, ಹೂಂ ಹೂಂ ಅಂದು ತಲೆ ಆಡ್ಸಿದ್ದೆ. ಅದೇ ಒಂದು ಮಾತು: "ಕೊಯ್ದ ಕಡ್ಡಿ ಮಲಗಿಸ್ಬೇಡ ಕಣಮ್ಮ, ನಿಲ್ಲಿಸೇ ಇಡು."

ಮೊದಲ ಲಾಟು 300 ಕಡ್ಡಿ, ಸಾಯಂಕಾಲ ನೀಟಾಗಿ ಪೇಪರ್ ಸುತ್ತಿ ರಟ್ಟಿನ ಬಾಕ್ಸಲ್ಲಿ ಸೀರೆ ಜೋಡಿಸಿದಂಗೆ ಮಲಗಿಸಿ ಜೋಡಿಸಿ, ನಡುಮನೇಲಿ ಇಟ್ಟು, ಬೆಳಗಿನ ಜಾವದ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸ್ದೆ. ಕೆ.ಆರ್. ಮಾರ್ಕೆಟ್ಟಿಗೆ ಬಾಕ್ಸ್ ತಗೊಂಡ್ ಹೋಗಿದ್ದು ನನ್ ಮೈದುನ. ಬಿಚ್ಚಿದವ್ನೇ ವಿಡಿಯೋ ಕಾಲ್ ಮಾಡ್ದ, "ಅತ್ತಿಗೆ, ಇದೇನಿದು ಎಲ್ಲಾ ಹಾವಿನ್ ತರ ಹೆಡೆ ಎತ್ಕೊಂಡಿದಾವೆ?" ನಿಜ್ವಾಗ್ಲೂ ಹಂಗೇ. ಅರ್ಧ ಕಡ್ಡಿ ಸೀದಾ, ತುದಿ ಮಾತ್ರ ಮೇಲಕ್ಕೆ ಬಾಗಿ, ಹಾಕಿ ಆಟದ ಸ್ಟಿಕ್ ತರ ಆಗಿತ್ತು. ಗ್ಲಾಡಿ ಕೊಯ್ದ ಮೇಲೂ ಬೆಳೀತಾ ಇರತ್ತೆ, ನೆಲ ಯಾವ್ ಕಡೆ ಅಂತ ಅದಕ್ಕೆ ಗೊತ್ತಾಗತ್ತೆ, ಅಡ್ಡ ಮಲಗಿಸಿದ್ರೆ ತುದಿ ಮೇಲಕ್ಕೆ ಎದ್ದೇ ಏಳತ್ತೆ, ಒಂದ್ಸಲ ಬಾಗಿದ್ದನ್ನ ಸೀದಾ ಮಾಡೋಕಾಗಲ್ಲ. ಸ್ಟೇಜಿಗೆ ಸಾಲಾಗಿ ಚುಚ್ಚೋ ಹೂವು, ಬಾಗಿದ್ರೆ ಯಾರಿಗ್ ಬೇಕು. 20 ಕಡ್ಡಿ ಕಟ್ಟಿಗೆ 50 ರೂಪಾಯಿ ಹಂಗೆ 15 ಕಟ್ಟಿಗೆ 750 ಕೊಟ್ರಂತೆ, ಬಸ್ ಬಾಡಿಗೆ ಮೈದುನನ ತಿಂಡಿ ಕಳೆದ್ರೆ ಅಷ್ಟಕ್ಕಷ್ಟೆ. ಆಮೇಲಿಂದ ಯಜಮಾನ್ರು ಹೇಳಿದಂಗೇ, ಬಕೆಟಲ್ಲಿ ನಿಲ್ಲಿಸಿ, ಪಿಕಪ್ ಹಿಂದೆ ಹಗ್ಗ ಕಟ್ಟಿ ಕಳಿಸಿದ್ದು. ಒಂದೂ ಬಾಗ್ಲಿಲ್ಲ.

ರಾತ್ರಿ ಕಡ್ಡೀನ ಸಕ್ಕರೆ ನೀರಲ್ಲಿ ನಿಲ್ಲಿಸಿದ್ರೆ ಮೇಲಿನ ಮೊಗ್ಗೂ ಅರಳತ್ತೆ ಅಂತಾನೂ ಹೇಳಿದ್ರು, ಲೀಟರಿಗೆ 200 ಗ್ರಾಂ, ನೀರು ಕೆಡದಂಗೆ ಚಿಟಿಕೆ ಬ್ಲೀಚಿಂಗ್ ಪುಡಿ. ಅತ್ತೆ ಡಬ್ಬದಲ್ಲಿ ಸಕ್ಕರೆ ಕಾಣ್ದೆ ಹುಡುಕ್ಕೊಂಡ್ ಬಂದು ಬಕೆಟ್ ನೋಡಿ, "ಬಂದೋರಿಗೆ ಕಾಫಿಗಿಲ್ಲ, ಹೂವಿಗೆ ಪಾನಕ ಮಾಡ್ಕೊಟ್ಟವ್ಳೆ" ಅಂತ ಬೀದಿಗೆಲ್ಲಾ ಹೇಳ್ಕೊಂಡ್ ಬಂದ್ರು. ಅರಳಿದ್ದು ಮಾತ್ರ ನಿಜ, ಹಾಕ್ದೇ ಇರೋದಕ್ಕೂ ಹಾಕಿದ್ದಕ್ಕೂ ಮೇಲಿನ ಮೂರ್ನಾಲ್ಕು ಹೂವಿನ ವ್ಯತ್ಯಾಸ ಕಣ್ಣಿಗೆ ಕಾಣ್ತಿತ್ತು.

ಇನ್ನೊಂದು ತಲೆನೋವು, ಹಾಸನದ ಗಿರಾಕಿ ಬೇರೆ ಬೆಂಗಳೂರಿನ ಗಿರಾಕಿ ಬೇರೆ. ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಬಿಡಿ ಹೂವಿನದೇ ಜೋರು, ಕಡ್ಡಿ ಹೂವಿಗೆ ಅಲ್ಲಿ ಕೇಳೋರು ಕಮ್ಮಿ. ಕೊಳ್ಳೋರು ಡೆಕೋರೇಷನ್‌ನವರು, ಅವ್ರಿಗೆ ಇವತ್ ಸಂಜೆ ರಿಸೆಪ್ಷನ್ನಿಗೆ ಅರ್ಧ ಅರಳಿರೋದೇ ಬೇಕು. ಮೊಗ್ಗಿನ ಕಡ್ಡಿ ತಗೊಂಡ್ ಹೋದ್ರೆ ಒಬ್ರು "ಏನಕ್ಕ, ಹೂ ಕೇಳಿದ್ರೆ ಜೋಳದ ಕಡ್ಡಿ ತಂದಿದೀರಲ್ಲ" ಅಂದ್ರು. ಬೆಂಗಳೂರಿಗೆ ಅರಳಿದ್ದು ಕಳಿಸಿದ್ರೆ ದಾರೀಲೇ ಎಸಳು ಮುದುರಿ ಹಾಳು. ಅದಕ್ಕೇ ಕೊಯ್ಯೋವಾಗ್ಲೇ ಇದು ಛತ್ರಕ್ಕೆ, ಇದು ಬಸ್ಸಿಗೆ ಅಂತ ಬೇರೆ ಬೇರೆ ಮಾಡ್ಕೋಬೇಕು. ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರ ಇದೆ, 3 ಗುಂಟೆಯವ್ಳಿಗೆ ಅಲ್ಲೇನ್ ಕೆಲಸ ಅಂತ ನಾನು ಆ ಕಡೆ ಹೋಗ್ಲಿಲ್ಲ.

ದುಡ್ಡಿನ ಲೆಕ್ಕ ಮುಚ್ಚಿಡಲ್ಲ. ಬಾಗಿದ 300, ಹೊಲದಲ್ಲೇ ಅರಳಿ ಹಂಚಿದ್ದು 200, ಅದು ಬಿಟ್ಟು 2800 ಕಡ್ಡಿ, ಅಂದ್ರೆ 140 ಕಟ್ಟು, ಸರಾಸರಿ 120 ರೂಪಾಯಿ ಸಿಕ್ತು, 16,800. ಬಾಗಿದ್ದರ 750 ಸೇರಿ 17,550. ಖರ್ಚು ಗೆಡ್ಡೆಗೆ 16 ಸಾವಿರ, ಗೊಬ್ಬರ ಔಷಧಿ ಗಾಡಿ ಆರೂವರೆ ಸಾವಿರ. ಕೈಯಿಂದ ಹತ್ತತ್ರ 5 ಸಾವಿರ ಹೋಗಿದೆ. ಮಾವ ಏನೂ ಅನ್ಲಿಲ್ಲ, "ಆಲೂಗಡ್ಡೇಲಿ ಇದ್ಕಿಂತ ಜಾಸ್ತಿ ಕಳ್ಕೊಂಡಿವ್ನಿ" ಅಂದ್ರು ಅಷ್ಟೆ. ಮೊದಲ ಬೆಳೇಲೇ ಲಕ್ಷ ಬರತ್ತೆ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ.

ಆದ್ರೆ ಗೆಡ್ಡೆ ಉಳಿಯತ್ತಲ್ಲ. ಹೂ ಕೊಯ್ದು ಏಳೆಂಟು ವಾರಕ್ಕೆ ಎಲೆ ಹಳದಿ ತಿರುಗಿದ್ಮೇಲೆ ಅಗೆದ್ವಿ. ಇದು ನೋಡೋಕೇ ಚೆಂದ: ನಾನು ನೆಟ್ಟ ಗೆಡ್ಡೆ ಸುಕ್ಕಾಗಿ ಕಂದು ಬಿಲ್ಲೆ ತರ ಕೆಳಗೆ ಅಂಟ್ಕೊಂಡಿರತ್ತೆ, ಅದರ ಹೆಗಲ ಮೇಲೆ ಹೊಸ ಗೆಡ್ಡೆ ಕೂತಿರತ್ತೆ, ಸುತ್ತ ಮೆಣಸು ಕಾಳಿನ ತರ ಮರಿಗಳು. ಹಳೇ ಬಿಲ್ಲೆ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಟಕ್ ಅಂತ ಬಿಡತ್ತೆ. ಮರಿ ಹೂ ಕೊಡೋ ಸೈಜಿಗೆ ಬರೋಕೆ ಎರಡು ಮೂರು ಬೆಳೆ ಬೇಕು, ದಪ್ಪವು ಈ ಸಲಾನೇ ಬರ್ತವೆ. ನೆರಳಲ್ಲಿ ಒಣಗ್ಸಿ ಬಲೆ ಚೀಲಕ್ಕೆ ತುಂಬಿ, ಪರಿಚಯದೋರ ಮೂಲಕ ಆಲೂಗಡ್ಡೆ ಕೋಲ್ಡ್ ಸ್ಟೋರೇಜಲ್ಲಿ ಒಂದ್ ಮೂಲೆ ಹಿಡಿದು ಇಟ್ಟಿದೀವಿ. ಅದೇ ಜಾಗದಲ್ಲಿ ಈ ವರ್ಷ ಮತ್ತೆ ನೆಡಲ್ಲ, ಸೊರಗು ರೋಗ ಮಣ್ಣಲ್ಲಿ ಉಳಿಯತ್ತೆ, ಪಕ್ಕದ ಪಟ್ಟಿಗೆ ಹೋಗ್ತೀವಿ.

ಹೋದ್ ವಾರ ಮತ್ತೆ ಶೆಡ್ಡಿಗೆ ಹೋಗಿದ್ದೆ, ಬಿಳಿ ಇನ್ನೊಂದು 500 ಬೇಕಿತ್ತು. ಅಂಗಡಿ ಭಾನುವಾರ ಇರಲ್ಲ, ಬಿಲ್ ಕೊಡಲ್ಲ, ಫೋನ್ ಪೇ ನಡೆಯತ್ತೆ. ಸೈಜಿನ ವಿಷ್ಯ ಎತ್ತಿದೆ, ಜಗಳಕ್ಕೆ ರೆಡಿಯಾಗೇ ಹೋಗಿದ್ದೆ. ಯಜಮಾನ್ರು ವಾದ ಮಾಡ್ಲಿಲ್ಲ, ಆರಿಸೋ ಹುಡುಗ ಆ ವಾರ ಬಂದಿರ್ಲಿಲ್ಲ, ನಾನೂ ನೋಡ್ಲಿಲ್ಲ, ತಪ್ಪು ನಂದೇ ಅಂದು 150 ಗೆಡ್ಡೆ ಮೇಲಾಕಿ ಕೊಟ್ರು. 600ಕ್ಕೆ 150 ಸರಿಹೋಗಲ್ಲ, ಆದ್ರೂ ಒಪ್ಕೊಂಡ್ರಲ್ಲ. ಇಲ್ದಿದ್ರೆ ಈ ರಿವ್ಯೂ 3ಕ್ಕೆ ನಿಲ್ತಿತ್ತು. ನೀವು ಹೋಗೋದಾದ್ರೆ ನೀರಿನ ಬಾಟ್ಲಿ ಮುಚ್ಚಳ ಒಂದು ಜೇಬಲ್ಲಿಟ್ಕೊಂಡ್ ಹೋಗಿ, ಅದು ಹತ್ತತ್ರ 3 ಸೆಂ.ಮೀ ಇರತ್ತೆ, ಅದ್ಕಿಂತ ಸಣ್ಣದಿದ್ರೆ ಪಕ್ಕಕ್ಕಿಡಿ. ನಾನು ಕೂತು 500ನ್ನೂ ಒಂದೊಂದಾಗಿ ಮುಚ್ಚಳಕ್ಕೆ ಹಿಡಿದು ನೋಡ್ತಿದ್ರೆ ಯಜಮಾನ್ರು ಟೀ ತರ್ಸಿದ್ರು, ಎರಡನೇ ಕ್ರೇಟಿಗೆ ಬರೋಷ್ಟ್ರಲ್ಲಿ ಅವ್ರೂ ಪಕ್ಕದಲ್ಲಿ ಕೂತು ಇನ್ನೊಂದು ಮುಚ್ಚಳ ಇಟ್ಕೊಂಡು ಆರಿಸೋಕೆ ಶುರು ಮಾಡಿದ್ರು.